ಗೇಟಿನಲ್ಲಿರೋನಿಗೆ ಎಷ್ಟು ಕೊಡ್ತೀರ?

2024ರ ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಹೋಗಿದ್ದೆ. ತಿಪಟೂರಿನ ಕಡೆ ನಮ್ಮೂರು. ರಾಜ್ಯ ಸರ್ಕಾರಿ ನೌಕರರಿಗೆ ಏಳನೇ ವೇತನ ಆಯೋಗದ ಸಂಬಳ ಆಗಷ್ಟೇ ಶುರುವಾಗಿತ್ತು. ಆಗಸ್ಟ್ 1ರಿಂದ ಜಾರಿಗೆ ಬಂದ ಆ ಪರಿಷ್ಕರಣೆಯಲ್ಲಿ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತ್ತು. ನಮ್ಮ ದೊಡ್ಡಪ್ಪನ ಮಗ ಒಂದು ಸರ್ಕಾರಿ ಕಚೇರಿಯಲ್ಲಿ ಗ್ರೂಪ್ ಡಿ ನೌಕರ. ಆಫೀಸಿನವರು ಅಟೆಂಡರ್ ಅಂತಾರೆ, ಊರಲ್ಲಿ ಜವಾನ ಅಂತಾರೆ. ಓದಿದ್ದು ಎಸ್ಸೆಸ್ಸೆಲ್ಸಿ, ಸೆಕೆಂಡ್ ಕ್ಲಾಸು. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತ್ತು.

ಎಲೆ ಮುಂದೆ ಕೂತಾಗ ಸಂಬಳದ ಮಾತು ಬಂತು. ಹನ್ನೆರಡು ವರ್ಷದ ಸರ್ವೀಸು, ಎಲ್ಲಾ ಕಟಾವಣೆ ಕಳೆದು ಕೈಗೆ ಮೂವತ್ಮೂರು ಸಾವಿರ ಚಿಲ್ಲರೆ ಬರುತ್ತೆ ಅಂದ. ನಾನು ತಮಾಷೆಗೆ, "ಏನಣ್ಣಾ, ಸಾಹೇಬ್ರಿಗೆ ಟೀ ತಂದ್ಕೊಡೋಕೆ ಮೂವತ್ಮೂರು ಸಾವಿರಾನಾ?" ಅಂದೆ. ಪೂರ್ತಿ ತಮಾಷೆಯೂ ಅಲ್ಲ ಅದು. ಆ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಇದೇ ಮಾತು ಹತ್ತು ಸಲ ಆಗಿತ್ತು. ನಮ್ಮ ಟ್ಯಾಕ್ಸ್ ಎಲ್ಲಿ ಹೋಗುತ್ತೆ ನೋಡಿ ಅಂತ.

ಅಣ್ಣ ನಕ್ಕ. "ಪೇಪರ್ನೋರು ಹತ್ತು ಸಾವಿರ ಜಾಸ್ತಿ ಅಂತ ಬರೆದವ್ರೆ ಕಣೋ. ಹಳೇ ಡಿಎನಾಗೆ ಮೂವತ್ತೊಂದು ಪರ್ಸೆಂಟು, ಮಧ್ಯಂತರ ಪರಿಹಾರ ಹದಿನೇಳು ಪರ್ಸೆಂಟು, ಎಲ್ಲಾ ಅದ್ರೊಳಗೇ ಸೇರ್ಕೊಂಡೈತೆ. ಕೈಗೆ ಜಾಸ್ತಿ ಆಗಿದ್ದು ಎರಡೋ ಮೂರೋ ಸಾವಿರ," ಅಂದ.

ಅತ್ತಿಗೆ ನಗಲಿಲ್ಲ. ಒಬ್ಬಟ್ಟಿಗೆ ತುಪ್ಪ ಹಾಕ್ತಾ ಇದ್ದವರು ನಿಂತು, "ಅಲ್ಲಾ, ಬೇಸಿಗೇಲಿ ನಿಮ್ಮನೆಗೆ ಬಂದಿದ್ವಲ್ಲ, ಅಲ್ಲಿ ಗೇಟಿನಲ್ಲಿ ನಿಂತಿರ್ತಾರಲ್ಲ, ಅವರಿಗೆ ಎಷ್ಟು ಕೊಡ್ತೀರ?" ಅಂತ ಕೇಳಿದರು.

"ಹದಿನಾರೂವರೆ."

"ಎಷ್ಟೊತ್ತು ಕೆಲ್ಸ?"

"ಹನ್ನೆರಡು ಗಂಟೆ."

"ಭಾನುವಾರ ರಜಾನಾ?"

"ಇಲ್ಲ."

"ಅವರಿಗೇನು ಮನೆ-ಮಕ್ಕಳು ಇಲ್ವಾ?"

ಅಷ್ಟು ಕೇಳಿ ಅವರು ಮುಂದಿನ ಎಲೆಗೆ ಹೋದರು. ನಾನು ಒಬ್ಬಟ್ಟು ತಿಂದೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಬಸ್ಸು ಹತ್ತಿ ಬೆಂಗಳೂರಿಗೆ ಬಂತು.

ಆ ಹದಿನಾರೂವರೆ ಸಾವಿರ ನನಗೆ ಅಷ್ಟು ನಿಖರವಾಗಿ ನೆನಪಿದ್ದದ್ದಕ್ಕೆ ಕಾರಣ ಇದೆ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ ಆ ವರ್ಷ ನಾನೇ ಖಜಾಂಚಿ. 64 ಮನೆ, ಎರಡು ಪಾಳಿಯಲ್ಲಿ ಆರು ಜನ ಸೆಕ್ಯುರಿಟಿ. ಹಳೇ ಏಜೆನ್ಸಿ ಒಬ್ಬರಿಗೆ ತಿಂಗಳಿಗೆ 27,500 ಬಿಲ್ ಮಾಡ್ತಿತ್ತು. ಹೊಸಬರು 24,000ಕ್ಕೆ ಮಾಡ್ತೀವಿ ಅಂದರು, ಎರಡೂ ಜಿಎಸ್‌ಟಿ ಬಿಟ್ಟು. ಎಕ್ಸೆಲ್ ಶೀಟ್ ಮಾಡಿದ್ದು ನಾನು. ತಿಂಗಳಿಗೆ 21,000 ಉಳಿತಾಯ ಅನ್ನೋದನ್ನ ಹಸಿರು ಬಣ್ಣದಲ್ಲಿ ತೋರಿಸಿದ್ದೂ ನಾನೇ. ಕೈ ಎತ್ತಿದವರಲ್ಲಿ ಮೊದಲನೆಯವನೂ ನಾನೇ. ಏಜೆನ್ಸಿ ಬದಲಾಯ್ತು, ಆಳುಗಳು ಅವರೇ ಉಳಿದರು. ಯೂನಿಫಾರ್ಮಿನ ಬಣ್ಣ ಬದಲಾಯ್ತು, ಕೈಗೆ ಬರ್ತಿದ್ದ 18,000 ರೂಪಾಯಿ 16,500 ಆಯ್ತು. ಉಳಿತಾಯವನ್ನ 64 ಮನೆಗೆ ಹಂಚಿದರೆ ಮನೆಗೆ 328 ರೂಪಾಯಿ. ಒಂದು ಪಿಜ್ಜಾ ಬರಲ್ಲ ಅದರಲ್ಲಿ.

ಊರಿಂದ ಬಂದ ಮೇಲೆ ಇನ್ನೊಂದು ಲೆಕ್ಕ ಹಾಕಿದೆ, ಈ ಸಲ ಯಾರಿಗೂ ತೋರಿಸೋಕಲ್ಲ. ನಮ್ಮ ಗೇಟಿನ ಹುಡುಗ ತಿಂಗಳಿಗೆ 30 ದಿನ, ದಿನಕ್ಕೆ 12 ಗಂಟೆ, ಅಂದರೆ 360 ಗಂಟೆ ಕೆಲಸ ಮಾಡ್ತಾನೆ. ಗಂಟೆಗೆ 46 ರೂಪಾಯಿ ಬೀಳುತ್ತೆ. ಅಣ್ಣನಿಗೆ ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ, ಸರ್ಕಾರಿ ರಜೆ ಎಲ್ಲಾ ಕಳೆದು ಸುಮಾರು 23 ದಿನ, ದಿನಕ್ಕೆ ಏಳೂವರೆ ಗಂಟೆ. ಗಂಟೆಗೆ 190 ರೂಪಾಯಿ ಹತ್ತಿರ. ತಿಂಗಳ ಸಂಬಳ ನೋಡಿದರೆ ಎರಡು ಪಟ್ಟು ಅನ್ನಿಸೋದು ಗಂಟೆ ಲೆಕ್ಕಕ್ಕೆ ಬಂದರೆ ನಾಲ್ಕು ಪಟ್ಟು. ಅಣ್ಣನ ಗಳಿಕೆ ರಜೆ, ವೈದ್ಯಕೀಯ ವೆಚ್ಚ, ಸರ್ಕಾರ ಅವನ ಎನ್‌ಪಿಎಸ್‌ಗೆ ಕಟ್ಟೋ ಪಾಲು ಇವನ್ನ ಸೇರಿಸಿಲ್ಲ.

ಓದಿನ ವ್ಯತ್ಯಾಸವೋ? ಇಲ್ಲ. ನಮ್ಮ ಗೇಟಿನ ಹುಡುಗ ರಾಯಚೂರು ಕಡೆಯವನು, ಪಿಯುಸಿ ಪಾಸು. ಅಣ್ಣನಿಗಿಂತ ಎರಡು ಕ್ಲಾಸು ಜಾಸ್ತಿ ಓದಿದ್ದಾನೆ. ಕೆಲಸದ ಕಷ್ಟವೋ? ಅದೂ ಅಲ್ಲ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ನಿಂತು, ಕುಡಿದು ಬಂದವರ ಬೈಗುಳ ಕೇಳಿ, 64 ಮನೆಯ ಡೆಲಿವರಿ ನೋಡಿಕೊಳ್ಳೋದು ಫೈಲು ಹೊರೋದಕ್ಕಿಂತ ಸುಲಭ ಅಂತ ಅಣ್ಣನೂ ಹೇಳಲ್ಲ. ಹಾಗಾದರೆ ಯೋಗ್ಯತೆಯೋ? ಅಣ್ಣನಿಗೆ ಆ ಕೆಲಸ ಸಿಕ್ಕಿದ್ದು ಅನುಕಂಪದ ಆಧಾರದ ಮೇಲೆ. ನಮ್ಮ ದೊಡ್ಡಪ್ಪ ಸರ್ವೀಸಿನಲ್ಲಿದ್ದಾಗಲೇ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಅಣ್ಣನೇ ಒಮ್ಮೆ ಹೇಳಿದ್ದ, "ಇದು ನಾನು ಸಂಪಾದಿಸಿದ್ದಲ್ಲ ಕಣೋ, ಅಪ್ಪ ಬಿಟ್ಟು ಹೋಗಿದ್ದು" ಅಂತ. ಆ ಹುಡುಗನ ಅಪ್ಪನೂ ತೀರಿಕೊಂಡಿದ್ದಾರೆ. ಅವರು ಕೂಲಿ ಮಾಡ್ತಿದ್ದರು. ಕೂಲಿಗೆ ಅನುಕಂಪದ ನೇಮಕಾತಿ ಇಲ್ಲ.

ಇದಕ್ಕೆಲ್ಲ ಒಂದು ಸಲೀಸಾದ ಉತ್ತರ ಇದೆ. ನಾವೆಲ್ಲ ಅದನ್ನೇ ಹೇಳೋದು: ಮಾರ್ಕೆಟ್. ಹತ್ತನೇ ಕ್ಲಾಸು ಓದಿದವರು ಬೇಕಾದಷ್ಟು ಜನ ಸಿಗ್ತಾರೆ, ಒಬ್ಬ ಬಿಟ್ಟರೆ ನಾಳೆ ಇನ್ನೊಬ್ಬ ಬರ್ತಾನೆ, ಹಾಗಾಗಿ ಆ ಕೆಲಸದ ಬೆಲೆ ಅಷ್ಟು. ಸರ್ಕಾರ ಅದಕ್ಕಿಂತ ಜಾಸ್ತಿ ಕೊಡ್ತಿದೆ ಅಂದರೆ ಜನರ ದುಡ್ಡನ್ನ ದಂಡ ಮಾಡ್ತಿದೆ ಅಂತ ಅರ್ಥ.

ಈ ವಾದಕ್ಕೆ ಅಂಕಿ-ಅಂಶದ ಬಲವೂ ಇದೆ. ನ್ಯಾಯಮೂರ್ತಿ ಎ.ಕೆ. ಮಾಥುರ್ ಅವರ ಅಧ್ಯಕ್ಷತೆಯ ಕೇಂದ್ರದ ಏಳನೇ ವೇತನ ಆಯೋಗ ಸರ್ಕಾರಿ ಸಂಬಳವನ್ನೂ ಖಾಸಗಿ ಸಂಬಳವನ್ನೂ ಹೋಲಿಸಿ ನೋಡೋಕೆ ಅಹಮದಾಬಾದಿನ ಐಐಎಂನಿಂದ ಅಧ್ಯಯನ ಮಾಡಿಸಿತ್ತು. 2015ರ ವರದಿಯಲ್ಲಿರೋ ಪ್ರಕಾರ, ಸರ್ಕಾರದ ಅತ್ಯಂತ ಕೆಳಗಿನ ಹುದ್ದೆಯ ಸಹಾಯಕನಿಗೆ ಎಲ್ಲಾ ಸೇರಿ 22,579 ರೂಪಾಯಿ ಸಿಗ್ತಿತ್ತು. ಅದೇ ಕೆಲಸಕ್ಕೆ ಸಮೀಕ್ಷೆ ಮಾಡಿದ ಖಾಸಗಿ ಸಂಸ್ಥೆಗಳು ಕೊಡ್ತಿದ್ದದ್ದು 8,000ದಿಂದ 9,500. ಎರಡು ಪಟ್ಟಿಗಿಂತ ಜಾಸ್ತಿ ಅಂತರ. ಅಣ್ಣನ ಮತ್ತು ಗೇಟಿನ ಹುಡುಗನ ಅಂತರ ನಮ್ಮ ಮನೆಯ ಕಥೆ ಮಾತ್ರ ಅಲ್ಲ, ದೇಶದ ಕಥೆ.

ಆದರೆ ಏಣಿ ಹತ್ತುತ್ತಾ ಹೋದ ಹಾಗೆ ಕಥೆ ತಿರುಗಿಬಿಡುತ್ತೆ. ಮೇಲಿನ ಹಂತದಲ್ಲಿ ಖಾಸಗಿಯವರ ಸಂಬಳವೇ ಜಾಸ್ತಿ. ಹತ್ತು ವರ್ಷ ಅನುಭವ ಇರೋ ನನ್ನಂಥ ಸಾಧಾರಣ ಬಿಇ ಇಂಜಿನಿಯರ್ ತಗೊಳ್ಳೋದು, ಒಂದು ಜಿಲ್ಲೆಯನ್ನೇ ನಡೆಸೋ ಅಧಿಕಾರಿಯ ಸಂಬಳಕ್ಕೆ ಸಮ ಅಥವಾ ಜಾಸ್ತಿಯೇ ಇರುತ್ತೆ. ಆಗ ನಾವು "ಜಿಲ್ಲಾಧಿಕಾರಿಗೆ ಸಿಗೋದಕ್ಕಿಂತ ನನಗೆ ಜಾಸ್ತಿ ಸಿಗ್ತಿದೆ, ಇದು ದಂಡ" ಅಂತ ಹೇಳ್ತೀವಾ? ಇಲ್ಲ. ಅದಕ್ಕೆ ಟ್ಯಾಲೆಂಟ್ ಅಂತ ಹೆಸರಿಡ್ತೀವಿ. ಎರಡು ಸಂಬಳದ ನಡುವೆ ಅಂತರ ಕಂಡಾಗ ಅದರಲ್ಲಿ ಯಾವುದು ಸರಿ ಅಂತ ನಾವು ತೀರ್ಮಾನ ಮಾಡೋದು ಆ ಅಂತರದಿಂದ ನಮಗೆ ಲಾಭವೋ ನಷ್ಟವೋ ಅನ್ನೋದರ ಮೇಲೆ. ಜವಾನನ ಸಂಬಳ ಜಾಸ್ತಿ ಅನ್ನಿಸಿದ್ದು ನಾನು ಪಕ್ಕದಲ್ಲಿಟ್ಟು ನೋಡಿದ್ದು ಗೇಟಿನವನ ಸಂಬಳ ಆಗಿದ್ದಕ್ಕೆ. ಆ ಗೇಟಿನವನ ಸಂಬಳವನ್ನ ಇಳಿಸಿದ್ದು ನಾನೇ.

ಇಲ್ಲಿಗೆ ನನಗೆ ಒಂದು ಕುತೂಹಲ ಬಂತು. ಈ ಸರ್ಕಾರಿ ಕನಿಷ್ಠ ಸಂಬಳ ಅನ್ನೋದನ್ನ ಲೆಕ್ಕ ಹಾಕೋದು ಹೇಗೆ? ಕೇಂದ್ರದ ಏಳನೇ ವೇತನ ಆಯೋಗ 18,000 ಅಂತ ನಿಗದಿ ಮಾಡಿತಲ್ಲ, ಆ ಅಂಕಿ ಎಲ್ಲಿಂದ ಬಂತು?

ಅದು ಬಂದಿದ್ದು ಅನ್ನದ ತಟ್ಟೆಯಿಂದ. ವ್ಯಾಲೇಸ್ ಐಕ್ರಾಯ್ಡ್ ಅಂತ ಒಬ್ಬ ಬ್ರಿಟಿಷ್ ಪೌಷ್ಟಿಕಾಂಶ ತಜ್ಞರಿದ್ದರು. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕಾಂಶ ಸಂಶೋಧನಾಲಯದ ನಿರ್ದೇಶಕರಾಗಿದ್ದವರು. ದುಡಿಯುವ ಒಬ್ಬ ಮನುಷ್ಯನಿಗೆ ದಿನಕ್ಕೆ 2,700 ಕ್ಯಾಲೊರಿ ಬೇಕು ಅನ್ನೋದು ಅವರ ಲೆಕ್ಕ. 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಆ ಲೆಕ್ಕವನ್ನ ಇಟ್ಟುಕೊಂಡು ಕನಿಷ್ಠ ಕೂಲಿಗೆ ಒಂದು ಸೂತ್ರ ಮಾಡಿತು. ದುಡಿಯೋನು, ಹೆಂಡತಿ, ಇಬ್ಬರು ಮಕ್ಕಳು. ಇವರನ್ನ ಮೂರು ಘಟಕ ಅಂತ ಹಿಡಿದು ಅಕ್ಕಿ-ಗೋಧಿ, ಬೇಳೆ, ತರಕಾರಿ, ಹಾಲು, ಎಣ್ಣೆಯ ಖರ್ಚು ಹಾಕು. ತಲೆಗೆ ವರ್ಷಕ್ಕೆ 18 ಗಜದಂತೆ 72 ಗಜ ಬಟ್ಟೆ ಹಾಕು. ಬಾಡಿಗೆ ಸೇರಿಸು. ಸೌದೆ, ದೀಪ, ಇತರೆ ಖರ್ಚಿಗೆ ಇಪ್ಪತ್ತು ಪರ್ಸೆಂಟ್ ಸೇರಿಸು. ಆಮೇಲೆ 1991ರಲ್ಲಿ ರೆಪ್ಟಕೋಸ್ ಬ್ರೆಟ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಮಕ್ಕಳ ಓದು, ಔಷಧಿ, ಹಬ್ಬ-ಮದುವೆ, ವಯಸ್ಸಾದ ಕಾಲ ಇವಕ್ಕೆ ಇನ್ನೂ ಇಪ್ಪತ್ತೈದು ಪರ್ಸೆಂಟ್ ಇರಲಿ ಅಂತು. ಮಾಥುರ್ ಆಯೋಗ ಈ ದಾರಿಯಲ್ಲೇ ಲೆಕ್ಕ ಹಾಕಿ 18,000ಕ್ಕೆ ಬಂದು ನಿಂತಿದ್ದು.

ಈ ಸೂತ್ರದಲ್ಲಿ ತಪ್ಪುಗಳಿವೆ. ಹೆಂಡತಿಯನ್ನ ಪೂರ್ತಿ ಒಂದು ಘಟಕ ಅಂತ ಹಿಡಿದಿಲ್ಲ, 0.8 ಅಂತ ಹಿಡಿದಿದೆ. ಮನೆಯಲ್ಲಿ ದುಡಿಯೋದು ಒಬ್ಬನೇ ಅಂತ ಅಂದುಕೊಂಡಿದೆ. ಆದರೂ ಓದುವಾಗ ಮನಸ್ಸಿಗೆ ತಟ್ಟಿದ್ದು ಬೇರೆ. ಸಂಬಳ ಎಷ್ಟು ಅನ್ನೋ ಪ್ರಶ್ನೆಯನ್ನ ಇಲ್ಲಿ ಯಾರೋ "ಇವನ ಮನೇಲಿ ಎಷ್ಟು ಜನ, ಏನು ತಿಂತಾರೆ, ಹಬ್ಬಕ್ಕೆ ಬಟ್ಟೆ ತಗೊಂಡರಾ" ಅಂತ ಕೇಳಿ ಶುರು ಮಾಡಿದ್ದಾರೆ. ನನ್ನ ಎಕ್ಸೆಲ್ ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ. ನನ್ನ ಶೀಟಿನಲ್ಲಿ ಇದ್ದದ್ದು ಮೂರು ಏಜೆನ್ಸಿಯ ಕೊಟೇಶನ್ನು. ಅತ್ತಿಗೆ ಕೇಳಿದ "ಅವರಿಗೇನು ಮನೆ-ಮಕ್ಕಳು ಇಲ್ವಾ" ಅನ್ನೋದು 1957ರ ಆ ಸಮ್ಮೇಳನ ಕೇಳಿದ ಪ್ರಶ್ನೆಯೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ. ಸಂಬಳದ ವಿಷಯದಲ್ಲಿ ಎರಡು ತರಹದ ದರ್ಜಿಗಳಿದ್ದಾರೆ. ಒಬ್ಬ ಕಾಲಿನ ಉದ್ದ ಅಳೆದು ಹಾಸಿಗೆ ಹೊಲಿಯೋಕೆ ನೋಡ್ತಾನೆ. ಇನ್ನೊಬ್ಬ ಅತಿ ಚಿಕ್ಕ ಹಾಸಿಗೆಯಲ್ಲಿ ಯಾರು ಮಲಗೋಕೆ ಒಪ್ತಾರೆ ಅಂತ ಕೂಗ್ತಾನೆ, ಯಾರೋ ಒಬ್ಬ ಒಪ್ಪೇ ಒಪ್ತಾನೆ. ಒಪ್ಪಿದ ಅನ್ನೋ ಕಾರಣಕ್ಕೆ ಅವನ ಕಾಲು ಗಿಡ್ಡ ಆಗಲ್ಲ.

ಇಷ್ಟು ಬರೆದು ನಿಲ್ಲಿಸಿಬಿಟ್ಟರೆ ನನಗೇ ಸುಖ. ಆದರೆ ವಿಷಯ ಅಷ್ಟು ಸುಲಭ ಇಲ್ಲ.

ಮೊದಲನೆಯದು, ಅಣ್ಣನ ಸಂಬಳ ಬರೋದು ಎಲ್ಲಿಂದ? ಕರ್ನಾಟಕದ ಈ ಪರಿಷ್ಕರಣೆಯಿಂದ ಖಜಾನೆಗೆ ವರ್ಷಕ್ಕೆ 20 ಸಾವಿರ ಕೋಟಿಗೂ ಹೆಚ್ಚು ಹೊರೆ ಅಂತ ಸರ್ಕಾರವೇ ಹೇಳಿತ್ತು. ಆ ದುಡ್ಡು ನನ್ನ ಟ್ಯಾಕ್ಸಿಂದ ಮಾತ್ರ ಬರಲ್ಲ. ಗೇಟಿನ ಹುಡುಗ ರಾತ್ರಿ ಹನ್ನೊಂದಕ್ಕೆ ಟೀ ಜೊತೆ ತಿನ್ನೋ ಬಿಸ್ಕತ್ತಿನ ಜಿಎಸ್‌ಟಿಯಿಂದಲೂ ಬರುತ್ತೆ, ಅವನು ಊರಿಗೆ ಹೋಗುವಾಗ ಬೈಕಿಗೆ ಹಾಕಿಸೋ ಪೆಟ್ರೋಲಿಂದಲೂ ಬರುತ್ತೆ. ಹದಿನಾರೂವರೆ ಸಾವಿರದವನು ಮೂವತ್ಮೂರು ಸಾವಿರದವನ ಸಂಬಳಕ್ಕೆ ಪಾಲು ಹಾಕ್ತಿದ್ದಾನೆ. ಇದನ್ನ ನ್ಯಾಯ ಅಂತ ಹೇಗೆ ಕರೆಯೋದು?

ಎರಡನೆಯದು, ಇಷ್ಟು ದೊಡ್ಡ ಅಂತರ ಏನು ಮಾಡುತ್ತೆ ಅನ್ನೋದನ್ನ ನಾನು ದಿನಾ ಗೇಟಿನಲ್ಲೇ ನೋಡ್ತೀನಿ. ಆ ಹುಡುಗ ರಾತ್ರಿ ಪಾಳಿಯಲ್ಲಿ ಜನರಲ್ ನಾಲೆಡ್ಜ್ ಪುಸ್ತಕ ಓದ್ತಿರ್ತಾನೆ. 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆ ಕರೆದಿದ್ದರು, ಪಿಯುಸಿ ಓದಿದವರು ಹಾಕಬಹುದಿತ್ತು. ಅದಕ್ಕೂ ಹಾಕಿದ್ದ. ಯಾವ ಕೆಲಸ ಬೇಕು ನಿಂಗೆ ಅಂತ ಒಂದಿನ ಕೇಳಿದೆ.

"ಯಾವುದಾದ್ರೂ ಆಗ್ಲಿ ಸರ, ಗೌರ್ಮೆಂಟ್ ಆದ್ರ ಸಾಕ್ರಿ."

"ಸಂಬಳಕ್ಕಾ?"

"ಪಗಾರ ಅಷ್ಟ ಅಲ್ರಿ. ರಾತ್ರಿ ಮಲ್ಕೊಂಡ್ರ ನಾಳಿಗೂ ಕೆಲಸ ಇರ್ತದ ಅಂತ ಗೊತ್ತಿರ್ತದಲ್ರಿ, ಅದು."

ಇಂಥ ಹುಡುಗರು ಎಷ್ಟು ಜನ ಅಂತ ಯೋಚಿಸಿ. ಉತ್ತರ ಪ್ರದೇಶದಲ್ಲಿ 2015ರಲ್ಲಿ 368 ಜವಾನರ ಹುದ್ದೆಗೆ 23 ಲಕ್ಷ ಅರ್ಜಿ ಬಂದಿತ್ತು. ಐದನೇ ಕ್ಲಾಸು ಓದಿ ಸೈಕಲ್ ಓಡಿಸೋಕೆ ಬಂದರೆ ಸಾಕು ಅನ್ನೋ ಕೆಲಸಕ್ಕೆ ಪಿಎಚ್‌ಡಿ ಮಾಡಿದವರು ಇನ್ನೂರಕ್ಕೂ ಹೆಚ್ಚು ಜನ ಹಾಕಿದ್ದರು. 2018ರಲ್ಲಿ ರೈಲ್ವೆಯವರು ಕರೆದ ಸುಮಾರು 90 ಸಾವಿರ ಹುದ್ದೆಗೆ ಎರಡು ಕೋಟಿಗೂ ಹೆಚ್ಚು ಅರ್ಜಿ. ವಿಜಯನಗರದ, ಧಾರವಾಡದ ಕೋಚಿಂಗ್ ಸೆಂಟರುಗಳಲ್ಲಿ, ರೂಮುಗಳಲ್ಲಿ ಇಪ್ಪತ್ತರಿಂದ ಮೂವತ್ತರ ವಯಸ್ಸು ಕರಗಿಹೋಗುತ್ತೆ. ಬಹುಮಾನ ಇಷ್ಟು ದೊಡ್ಡದಾದ ಕಡೆ ಕಳ್ಳದಾರಿಯೂ ಹುಟ್ಟುತ್ತೆ. 2021ರ ಜನವರಿಯಲ್ಲಿ ಎಫ್‌ಡಿಎ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಸೋರಿ, ಪರೀಕ್ಷೆ ಮುಂದಕ್ಕೆ ಹೋಗಿದ್ದು ನೆನಪಿರಬಹುದು. ಕೆಲವೇ ಜನರಿಗೆ ಪೂರ್ತಿ ಹಾಸಿಗೆ, ಉಳಿದವರಿಗೆ ಬರೀ ನೆಲ ಅನ್ನೋದು ಲಾಟರಿ, ನ್ಯಾಯ ಅಲ್ಲ. ಅಣ್ಣನ ಟಿಕೆಟ್ಟನ್ನ ದೊಡ್ಡಪ್ಪ ಜೀವ ಕೊಟ್ಟು ಕೊಂಡಿದ್ದರು.

ಮೂರನೆಯದು, ಸರ್ಕಾರವೇನೂ ಸಾಚಾ ಅಲ್ಲ. ಅಣ್ಣನ ಕಚೇರಿಯಲ್ಲೇ ಅವನ ಪಕ್ಕ ಇನ್ನೊಬ್ಬ ಅಟೆಂಡರ್ ಇದ್ದಾನೆ, ಹೊರಗುತ್ತಿಗೆ. ಇಬ್ಬರೂ ಹೊರೋ ಫೈಲು ಒಂದೇ, ತರೋ ಟೀ ಒಂದೇ. ಅವನ ಸಂಬಳ ಅಣ್ಣನ ಅರ್ಧಕ್ಕಿಂತ ಕಡಿಮೆ, ಅದೂ ಏಜೆನ್ಸಿಯವನು ಹಾಕಿದಾಗ. ಅಂದರೆ ಅಂತರ ಇರೋದು ಸರ್ಕಾರಿ-ಖಾಸಗಿ ನಡುವೆ ಮಾತ್ರ ಅಲ್ಲ. ಕಾಯಂ ಮತ್ತು ಗುತ್ತಿಗೆ ನಡುವೆಯೂ ಇದೆ. ನಾನು ಏಜೆನ್ಸಿ ಬದಲಾಯಿಸಿ ಮಾಡಿದ್ದನ್ನ ಸರ್ಕಾರ ಟೆಂಡರ್ ಕರೆದು ಮಾಡ್ತಿದೆ.

ಇದರ ಬಗ್ಗೆ ದೇಶದ ಅತ್ಯಂತ ಮುಖ್ಯವಾದ ತೀರ್ಪುಗಳಲ್ಲಿ ಒಂದು ಕರ್ನಾಟಕದ್ದೇ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಎಂಬತ್ತರ ದಶಕದಲ್ಲಿ ದಿನಗೂಲಿಗೆ ಸೇರಿದವರ ಅರ್ಜಿಗಳಿದ್ದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು, ತಾತ್ಕಾಲಿಕವಾಗಿ ಸೇರಿದವರು ಎಷ್ಟು ವರ್ಷ ದುಡಿದರೂ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋ ಹಾಗಿಲ್ಲ ಅಂತ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಂದು ಸಲದ ಅವಕಾಶ ಮಾತ್ರ ಕೊಟ್ಟಿತು. ಅದರ ಹಿಂದಿನ ಕಾಳಜಿ ಸರಿಯಾದದ್ದೇ: ಹಿಂಬಾಗಿಲಿಂದ ಬಂದವರನ್ನ ಕಾಯಂ ಮಾಡಿದರೆ ಹೊರಗೆ ಓದ್ತಾ ಕಾಯ್ತಾ ಇರೋ ಲಕ್ಷಾಂತರ ಜನರಿಗೆ ಅನ್ಯಾಯ. ಆಮೇಲೆ 2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು, ಕಾಯಂ ಅಲ್ಲದಿದ್ದರೂ ಅದೇ ಕೆಲಸ ಮಾಡ್ತಿರೋ ತಾತ್ಕಾಲಿಕ ನೌಕರರಿಗೆ ಕನಿಷ್ಠ ಆ ಹುದ್ದೆಯ ವೇತನಶ್ರೇಣಿಯ ಆರಂಭದ ಸಂಬಳವಾದರೂ ಸಿಗಬೇಕು ಅಂದಿತು. ಎರಡೂ ತೀರ್ಪನ್ನ ಜೊತೆಗಿಟ್ಟು ಓದಿದರೆ ನನಗೆ ಕಾಣೋದು ಇಷ್ಟು: ಕೆಲಸದ ಭದ್ರತೆಯನ್ನ ಸ್ಪರ್ಧೆಯಿಂದಲೇ ಪಡೀಬೇಕು ಅನ್ನೋಣ, ಆದರೆ ಮಾಡಿದ ಕೆಲಸದ ಕೂಲಿಗೆ ಸ್ಪರ್ಧೆ ಯಾಕೆ?

ಬೆಂಗಳೂರಿನ ಪೌರಕಾರ್ಮಿಕರನ್ನೇ ನೋಡಿ. ವರ್ಷಗಟ್ಟಲೆ ಗುತ್ತಿಗೆದಾರರ ಕೈಕೆಳಗೆ ಇದ್ದರು. ಆಮೇಲೆ ಪಾಲಿಕೆಯಿಂದ ನೇರ ಪಾವತಿ ಬಂತು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಂ ನೇಮಕಾತಿಯ ಪತ್ರ ಸಿಕ್ಕಿತು. ಏಪ್ರಿಲ್ 30ಕ್ಕೆ ಗುಡಿಸಿದ ರಸ್ತೆಯೂ ಮೇ 2ಕ್ಕೆ ಗುಡಿಸಿದ ರಸ್ತೆಯೂ ಒಂದೇ. ಕಸವೂ ಅದೇ. ಬದಲಾಗಿದ್ದು ಒಂದು ಕಾಗದ. ಅಂದರೆ ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವರಿಗೆ ಕಡಿಮೆ ಕೊಟ್ಟಿದ್ದಕ್ಕೆ ಅವರ ಕೆಲಸ ಕಾರಣ ಆಗಿರಲಿಲ್ಲ. ಕೊಡದೇ ಇರೋಕೆ ಆಗ್ತಿತ್ತು, ಅದಕ್ಕೇ ಕೊಟ್ಟಿರಲಿಲ್ಲ.

"ಆದರೆ ಸರ್ಕಾರಿ ನೌಕರರು ಕೆಲಸಾನೇ ಮಾಡಲ್ಲವಲ್ಲ, ಲಂಚ ತಿಂತಾರಲ್ಲ" ಅಂತ ನೀವು ಕೇಳಬಹುದು. ಕೆಲವರು ಮಾಡಲ್ಲ, ಕೆಲವರು ತಿಂತಾರೆ. ಸಂಬಳ ಜಾಸ್ತಿ ಮಾಡಿದರೆ ಲಂಚ ನಿಲ್ಲುತ್ತೆ ಅನ್ನೋದನ್ನೂ ನಾನು ನಂಬಲ್ಲ. ಹಾಗಿದ್ದರೆ ದೊಡ್ಡ ಸಂಬಳದವರು ದೊಡ್ಡ ಲಂಚ ತಗೊಳ್ತಿರಲಿಲ್ಲ. ಆದರೆ ಅದು ಶಿಸ್ತಿನ ಪ್ರಶ್ನೆ, ಅದಕ್ಕೆ ಅಮಾನತ್ತಿದೆ, ಲೋಕಾಯುಕ್ತ ಇದೆ. ಕೆಲಸ ಮಾಡದವನನ್ನ ಮನೆಗೆ ಕಳಿಸಿ. ಕೆಲಸ ಮಾಡುವವನ ಮನೆಗೆ ಎಷ್ಟು ಬೇಕು ಅನ್ನೋ ಪ್ರಶ್ನೆ ಆಮೇಲೂ ಉಳಿದೇ ಇರುತ್ತೆ.

ಹಾಗಾಗಿ ಈಗ ನನ್ನ ನಿಲುವು ಇದು. ಎರಡು ಸಂಬಳದ ನಡುವಿನ ಅಂತರ ಅಣ್ಣನಿಗೆ ಸಿಕ್ಕ ಉಡುಗೊರೆ ಅಂತ ನಾವು ಓದ್ತೀವಿ. ಅದು ಗೇಟಿನ ಹುಡುಗನಿಗೆ ಸಲ್ಲಬೇಕಾಗಿದ್ದು ಸಲ್ಲದೇ ಉಳಿದ ಬಾಕಿ. ಆ ಬಾಕಿ ಎಲ್ಲೋ ಗಾಳಿಯಲ್ಲಿ ಹೋಗಿಲ್ಲ, 328 ರೂಪಾಯಿಯಂತೆ 64 ಮನೆಯಲ್ಲಿ ಇದೆ. ರಾಜ್ಯದ ವೇತನಶ್ರೇಣಿಯಲ್ಲಿ ಕೆಳಗಿನ ಮೆಟ್ಟಿಲು 27,000, ಮೇಲಿನ ಮೆಟ್ಟಿಲು 2,41,200. ಸುಮಾರು ಒಂಬತ್ತು ಪಟ್ಟು. ಮೇಲಿನವರ ಸಂಬಳ ಏರಿದಾಗ ಕೆಳಗಿನವರದ್ದನ್ನೂ ಎತ್ತಲೇಬೇಕಾಗುತ್ತೆ, ಯಾಕೆಂದರೆ ಒಂದೇ ಏಣಿ. ನಮ್ಮ ಕಡೆ ಆ ಏಣಿಯನ್ನ ಮಧ್ಯಕ್ಕೆ ಕತ್ತರಿಸಿ, ಕೆಳಗಿನ ಭಾಗಕ್ಕೆ ವೆಂಡರ್ ಅಂತ ಹೆಸರಿಟ್ಟಿದ್ದೀವಿ. ನಮ್ಮ ಟೆಕ್ ಪಾರ್ಕಿನ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನಿನವರು ಯಾರೂ ನಮ್ಮ ಕಂಪನಿಯವರಲ್ಲ. ಅದಕ್ಕೇ ಕಂಪನಿಗೆ ಒಳ್ಳೇ ವರ್ಷ ಬಂದರೆ ನನಗೆ ಬೋನಸ್ ಬರುತ್ತೆ, ಅವರಿಗೆ ಬರೋದು ಹೊಸ ಟೆಂಡರ್.

ಆ ವರ್ಷದ ಮಹಾಸಭೆಯಲ್ಲಿ ಎರಡು ಪ್ರಸ್ತಾವನೆ ಇಟ್ಟೆ. ಒಂದು, ಎಲ್ಲರಿಗೂ ಸಂಬಳಸಹಿತ ವಾರದ ರಜೆ. ಆರು ಜನಕ್ಕೆ ವಾರಕ್ಕೊಂದು ರಜೆ ಅಂದರೆ ಏಳನೆಯವನೊಬ್ಬ ಬೇಕು, ಮನೆಗೆ ತಿಂಗಳಿಗೆ 375 ರೂಪಾಯಿ. ಎರಡು, ಹನ್ನೆರಡು ಗಂಟೆಯ ಎರಡು ಪಾಳಿ ಬದಲು ಎಂಟು ಗಂಟೆಯ ಮೂರು ಪಾಳಿ, ಸಂಬಳ ಇಳಿಸದೆ. ಅದಕ್ಕೆ ಕನಿಷ್ಠ ಹತ್ತು ಜನ ಬೇಕು, ಮನೆಗೆ 1,500. ಮೊದಲನೆಯದಕ್ಕೆ ಸ್ವಲ್ಪ ಗಲಾಟೆ ಆಯ್ತು. "ನಾವೇನು ಧರ್ಮಛತ್ರ ನಡೆಸ್ತಿದ್ದೀವಾ" ಅಂತ ಒಬ್ಬರು ಕೇಳಿದರು. ಆದರೂ ಪಾಸಾಯ್ತು. ಎರಡನೆಯದು ಬಿದ್ದುಹೋಯ್ತು.

ಒಂದು ನಿಜ ಹೇಳಿಬಿಡ್ತೀನಿ. ಎರಡನೆಯದಕ್ಕೆ ನಾನು ಕೈ ಎತ್ತಿದ್ದೆ. ಅದು ಬಿದ್ದಾಗ ಬೇಜಾರಿನ ಜೊತೆ ಒಳಗೊಳಗೇ ಒಂದು ನಿರಾಳವೂ ಆಯ್ತು. ಇಎಂಐ, ಮಗಳ ಸ್ಕೂಲ್ ಫೀಸು, ಅದರ ಮೇಲೆ 1,500. ಮಾರ್ಕೆಟ್ ಅಂದರೆ ಯಾವುದೋ ದೊಡ್ಡ ಶಕ್ತಿ ಅಂತ ನಾನು ಅಂದುಕೊಂಡಿದ್ದೆ. ಆ ಸಾಯಂಕಾಲ ಅದು ನನ್ನ ಎದೆಯೊಳಗಿನ ಆ ನಿರಾಳದಷ್ಟೇ ದೊಡ್ಡದಾಗಿತ್ತು.

ಮುಂದಿನ ವಾರ ಗೇಟಿನ ಹುಡುಗನನ್ನ ಕೇಳಿದೆ, ಮೊದಲನೇ ರಜೆ ದಿನ ಏನು ಮಾಡ್ದೆ ಅಂತ. "ಮಲ್ಕೊಂಡಿದ್ದೆ ಸರ," ಅಂದ. ಅವನ ಪುಸ್ತಕ ಟೇಬಲ್ಲಿನ ಮೇಲೆ ಹಾಗೇ ಇತ್ತು.

ಊರಿಗೆ ಫೋನ್ ಮಾಡಿದಾಗ ಅತ್ತಿಗೆಗೆ ಈ ವಿಷಯ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ ಅನ್ಸುತ್ತೆ.

"ಒಳ್ಳೇದಾಯ್ತು ಬಿಡಿ," ಅಂದರು. ಆಮೇಲೆ, "ಸಂಬಳ ಎಷ್ಟು ಮಾಡಿದ್ರಿ?" ಅಂತ ಕೇಳಿದರು.

"ಅಷ್ಟೇ ಇದೆ ಅತ್ತಿಗೆ," ಅಂದೆ.